‘ಇಲ್ಲ’ ಎಂಬ ಎರಡಕ್ಷರ

ವಾರದ ಆಸ್ಪತ್ರೆವಾಸ ಮುಗಿಸಿ ಭಾವನವರು ಮನೆಗೆ ಬಂದರು. ಜೊತೆಗೆ ಬಂದ ಡಿಸ್ಚಾರ್ಜ್ ಸಮ್ಮರಿಯನ್ನು ಬಿಡಿಸಿದ ಅಕ್ಕನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. “ನ್ಯುಮೋನಿಯ ಅಂತ ಬರೆದಿದ್ದಾರಲ್ಲೋ!” ಎಂದಳು. ನಾನು ಸಾಲನ್ನು ಪೂರ್ತಿಯಾಗಿ ಓದಿದೆ. ಆ ಪದದ ಹಿಂದೆ ಇಂಗ್ಲಿಷಿನ ‘ನೋ’ ಎಂಬ ಪುಟ್ಟ ಶಬ್ದವೊಂದು ಅಡಗಿ ಕುಳಿತಿತ್ತು. ನ್ಯುಮೋನಿಯ ಇಲ್ಲವೆಂಬುದೇ ವೈದ್ಯರ ಅಭಿಪ್ರಾಯ! ಅಕ್ಕ ನಿಟ್ಟುಸಿರಿಟ್ಟು ಕಾಫಿಗೆ ನೀರಿಟ್ಟಳು.

ನಗಬೇಡಿ, ವಾಚಕರೇ. ಅಕ್ಕ ಎಡವಿದ ಕಡೆಯಲ್ಲೇ ಗಣಕಯಂತ್ರವೂ ಎಡವಿದೆ. ರಕ್ತದೊತ್ತಡ, ಸಕ್ಕರೆಗಳ ಅಂಕೆಗಳನ್ನು ಜೋಡಿಸುವುದು ಅದಕ್ಕೆ ಸುಲಭ. ಆದರೆ ರೋಗಿಯ ಕಥೆಯೆಲ್ಲ ಇರುವುದು ವೈದ್ಯರು ಬರೆದ ವಾಕ್ಯಗಳಲ್ಲಿ. ಅವನ್ನು ಯಂತ್ರಕ್ಕೆ ಓದಿಸುವ ಯತ್ನ ಇಂದುನಿನ್ನೆಯದಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ನವೋಮಿ ಸೇಗರ್ 1965ರಲ್ಲಿ ಆರಂಭಿಸಿದ ಭಾಷಾವಿಶ್ಲೇಷಣೆಯ ಕಾರ್ಯವು ಮುಂದೆ ವೈದ್ಯಕೀಯ ಬರಹಗಳತ್ತಲೂ ಹೊರಳಿತು. 2001ರಲ್ಲಿ ಪಿಟ್ಸ್‌ಬರ್ಗಿನ ವೆಂಡಿ ಚಾಪ್‌ಮನ್ ಮತ್ತು ಸಂಗಡಿಗರು ಈ ‘ಇಲ್ಲ’ದ ತೊಡಕಿಗೆಂದೇ ಒಂದು ಸರಳ ಉಪಾಯ ಹೂಡಿದರು, ಅದರ ಹೆಸರು ‘ನೆಗೆಕ್ಸ್’. ನಿಷೇಧಾರ್ಥಕ ಪದಗಳದೊಂದು ಪಟ್ಟಿ. ರೋಗದ ಹೆಸರಿನ ಹಿಂದೆಯೋ ಮುಂದೆಯೋ, ಐದು ಪದಗಳ ಅಳತೆಯೊಳಗೆ, ಅವುಗಳಲ್ಲೊಂದು ಕಂಡರೆ ‘ಈ ರೋಗವಿಲ್ಲ’ ಎಂದು ಗುರುತು ಹಾಕುವುದು, ಇಷ್ಟೇ. ಅವರ ಪರೀಕ್ಷೆಯಲ್ಲಿ ಅದು ‘ಇಲ್ಲ’ವೆಂದುದರಲ್ಲಿ ಶೇಕಡ 84.5ರಷ್ಟು ಸರಿಯಾಗಿತ್ತು. ಇಂದಿನ ಭಾಷಾಮಾದರಿಗಳು ಇಡೀ ಪುಟದ ಸಂದರ್ಭವನ್ನೇ ಗಮನಿಸುತ್ತವೆ. ಆದರೂ ಒಮ್ಮೊಮ್ಮೆ ತಪ್ಪುತ್ತವೆ.

ಕಾಫಿ ಕುಡಿಯುತ್ತ ನಾನು ಕೊನೆಯ ಸಾಲಿಗೆ ಬಂದೆ. ‘ಯಾವ ಔಷಧದ ಅಲರ್ಜಿಯೂ ಇಲ್ಲ’ ಎಂದಿತ್ತು. ಅಕ್ಕ ಲೋಟ ಕೆಳಗಿಟ್ಟಳು. “ಅಯ್ಯೋ, ಮದುವೆಯಾದ ಹೊಸದರಲ್ಲಿ ಪೆನಿಸಿಲಿನ್ ಚುಚ್ಚಿಸಿಕೊಂಡು ಇವರ ಮೈಯೆಲ್ಲ ದದ್ದೆದ್ದು ಮುಖ ಊದಿಕೊಂಡಿರಲಿಲ್ಲವೇ?”

ಭಾವನವರು ತಲೆ ತುರಿಸಿಕೊಂಡರು. “ಅವರು ಕೇಳಿದಾಗ ನೆನಪಾಗಲಿಲ್ಲ” ಎಂದರು.

ಈ ‘ಇಲ್ಲ’ವನ್ನು ಯಾವ ಯಂತ್ರವಾದರೂ ತಪ್ಪಿಲ್ಲದೆ ಓದೀತು; ಓದಿ, ನಂಬಿ, ಮುಂದಿನ ವೈದ್ಯರಿಗೂ ದಾಟಿಸೀತು. ಬರೆದುದನ್ನು ಓದುವುದಷ್ಟೇ ಅದರ ಕಸುಬು. ಬರೆಯದೆ ಉಳಿದುದನ್ನು ಬಲ್ಲವರು ಮನೆಯವರೇ. ಮರುದಿನವೇ ಅಕ್ಕ ಆಸ್ಪತ್ರೆಗೆ ಹೋಗಿ ಆ ಸಾಲನ್ನು ತಿದ್ದಿಸಿಕೊಂಡು ಬಂದಳು.

ನಿಮ್ಮ ಮನೆಯ ಬೀರುವಿನಲ್ಲಿಯೂ ಅಂಥ ಕಾಗದವೊಂದಿದ್ದೀತು. ಇಂದು ಸಂಜೆ ತೆಗೆದು, ಮನೆಯವರೆಲ್ಲ ಕೂತು ಓದಿ. ‘ಇಲ್ಲ’ ಎಂದಿರುವ ಕಡೆಯಲ್ಲಿ ಒಂದು ಕ್ಷಣ ಹೆಚ್ಚಾಗಿ ನಿಲ್ಲಿ.