ಹಿತ್ತಲ ಕಟ್ಟೆಗೆ ಎಂಟು ಹಾಸುಗಲ್ಲು

ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗಳು ಚೀಲ ಇಳಿಸುವ ಮೊದಲೇ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಯಾವುದೋ ದೂರದೇಶದ ಮನೆ, ಅದರ ಹಿತ್ತಲಲ್ಲಿ ಮರದ ಹಲಗೆ ಜೋಡಿಸಿ ಮಾಡಿದ ಜಗಲಿ. “ಅಜ್ಜಾ, ಇದಕ್ಕ ಡೆಕ್ ಅಂತಾರ. ನಾಕು ದಿನ ಸೂಟಿ ಐತಿ, ನಮ್ಮ ಹಿತ್ತಲದಾಗೂ ಮಾಡೋಣು!”

ಕಾಡು ಹೆಚ್ಚಿರುವ ನಾಡಿನಲ್ಲಿ ಹಲಗೆಯೇ ಸರಿ. ನಮ್ಮ ಬಾಗಲಕೋಟೆ ನವನಗರದ ಬಿಸಿಲಿಗೆ ಹಲಗೆ ಸೊಟ್ಟಗಾಗುತ್ತದೆ, ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ನಮ್ಮಲ್ಲಿರುವುದು ಕಲ್ಲು. ಅದಕ್ಕೆ ಅವಳನ್ನು ಕೈಹಿಡಿದು ಕಾಂಪೌಂಡ್ ಗೋಡೆಯ ಬಳಿ ಕರೆದುಕೊಂಡು ಹೋದೆ. ಅಲ್ಲಿ ಎಂಟು ಹಾಸುಗಲ್ಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒರಗಿ ನಿಂತಿದ್ದವು.

ಅವು ಹಳೆ ಬಾಗಲಕೋಟೆಯ ನಮ್ಮ ಮನೆಯ ಮುಂದಿನ ಕಟ್ಟೆಯವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ತುಂಬಿದಾಗ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ನಮ್ಮ ಓಣಿಗೂ ಬಂತು. ಊರಿನ ಎಷ್ಟೋ ಮನೆಗಳು ಎದ್ದು ನವನಗರಕ್ಕೆ ಬಂದವು. ಟ್ರ್ಯಾಕ್ಟರಿನಲ್ಲಿ ಬಾಗಿಲು, ತೊಲೆ, ಬೀಸುವ ಕಲ್ಲಿನ ಜೊತೆಗೆ ಈ ಎಂಟೂ ಬಂದವು. ಕಟ್ಟೆ ಮಾತ್ರ ಮತ್ತೆ ಏಳಲಿಲ್ಲ. ನಮ್ಮ ಮನೆಯಾಕೆಗೆ ಮನಸ್ಸಿರಲಿಲ್ಲ. “ಕಟ್ಟಿಗೆ ಕಲ್ಲಷ್ಟ ಸಾಲೂದಿಲ್ಲ, ಕುಂಡ್ರವ್ರು ಬೇಕು. ಆ ಮಂದಿ ಈಗ ಎಲ್ಲಿ ಅದಾರ?” ಎನ್ನುತ್ತಿದ್ದಳು. ನಮ್ಮ ಓಣಿಯವರು ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋಗಿದ್ದರು. ನನಗೂ ಉತ್ತರ ತೋಚುತ್ತಿರಲಿಲ್ಲ.

ಈ ಸಲ ಮೊಮ್ಮಕ್ಕಳ ಹಟ. ಪರಿಚಯದ ಗೌಂಡಿಯನ್ನೂ ಇಬ್ಬರು ಆಳುಗಳನ್ನೂ ಕರೆಸಿದೆವು. ಜಾಗ ಬೇವಿನ ಗಿಡದ ನೆರಳಿನಲ್ಲಿ, ಆದರೆ ಬುಡದಿಂದ ನಾಲ್ಕಡಿ ದೂರ. ಬೇರಿಗೂ ನೀರು, ಗಾಳಿ ಬೇಕು. ಬುಡಕ್ಕೆ ಒತ್ತಿ ಕಟ್ಟೆ ಕಟ್ಟುವುದು ಗಿಡದ ಕೊರಳು ಹಿಚುಕಿದ ಹಾಗೆ.

ಒಂದೊಂದು ಕಲ್ಲು ಮೂರಡಿ ಉದ್ದ, ಎರಡಡಿ ಅಗಲ. ಎಂಟನ್ನು ಜೋಡಿಸಿದರೆ ಎಂಟಡಿ ಉದ್ದ, ಆರಡಿ ಅಗಲದ ಕಟ್ಟೆ. ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆಯಲು ಮೊಮ್ಮಗನಿಗೆ ಹೇಳಿದೆ. ಹತ್ತಡಿ ಎರಡಿಂಚು ಬಂತು. “ಹತ್ತ ಬರಬೇಕು” ಎಂದೆ. ಆರರ ವರ್ಗ 36, ಎಂಟರ ವರ್ಗ 64, ಕೂಡಿದರೆ 100. ನೂರರ ವರ್ಗಮೂಲ ಹತ್ತು. ಗೂಟ ಸರಿಸುತ್ತಾ ಸರಿಸುತ್ತಾ ಎರಡೂ ಕರ್ಣ ಹತ್ತಕ್ಕೆ ಬಂದಾಗ ಅವನು, “ಅಜ್ಜಾ, ಪೈಥಾಗೊರಸ್ ಇಲ್ಲೂ ಬಂದಾನ?” ಎಂದ. ಗೌಂಡಿ ನಕ್ಕ. ಆ ಹೆಸರು ಅವನಿಗೆ ಗೊತ್ತಿಲ್ಲ, ಲೆಕ್ಕ ಮಾತ್ರ ದಿನವೂ ಮಾಡುತ್ತಾನೆ.

ಮೇಲಿದ್ದದ್ದು ತೋಟಕ್ಕೆಂದು ತಂದು ಹಾಕಿದ ಎರೆಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ್ದೂ ಅದರ ಜೊತೆಗೇ ಕುಣಿಯುತ್ತದೆ. ಹಾಗಾಗಿ ಅದನ್ನೆಲ್ಲ ತೆಗೆದು ಸುತ್ತ ಇಳಕಲ್ಲಿನ ಕೆಂಪು ಗ್ರಾನೈಟ್ ತುಂಡುಗಳನ್ನು ನಿಲ್ಲಿಸಿದೆವು. ಹಲಗೆ ಕೊಯ್ದ ಮೇಲೆ ಉಳಿಯುವ ಅಂಚುಗಳು ಅವು, ಅಗ್ಗ. ಒಂದಡಿ ನೆಲದೊಳಗೆ, ಒಂದಡಿ ಮೇಲೆ. ನಡುವೆ ಗರಸು ತುಂಬಿ, ನೀರು ಚಿಮುಕಿಸಿ, ದಮ್ಮಸು ಹಾಕಿದೆವು. ಮಕ್ಕಳು ಸಾಕೆನ್ನುವವರೆಗೂ ಕುಣಿದರು. ಆ ಕೆಲಸಕ್ಕೆ ಅವರಿಗಿಂತ ಒಳ್ಳೆಯ ಆಳು ಸಿಗುವುದಿಲ್ಲ.

ಇಲ್ಲಿ ಗೌಂಡಿಗೂ ನನಗೂ ಮಾತಿಗೆ ಮಾತು ಬೆಳೆಯಿತು. “ಸಿಮೆಂಟ್ ಹಾಕಿಸ್ರಿ ಸರ, ನೂರು ವರ್ಷ ಅಲ್ಲಾಡೂದಿಲ್ಲ.” ನಾನು ಒಪ್ಪಲಿಲ್ಲ. ಹಳೆ ಕಟ್ಟೆಯನ್ನು ನಮ್ಮಜ್ಜ ಬರೀ ಮಣ್ಣಿನ ಮೇಲೆ ಹಾಸಿದ್ದ. ಅದಕ್ಕೇ ಹಾರಿ ಹಾಕಿ ಮೀಟಿದಾಗ ಒಂದೂ ಒಡೆಯದೆ ಎಂಟೂ ಎದ್ದವು. ಸಿಮೆಂಟಿನಲ್ಲಿ ಕೂರಿಸಿದ್ದರೆ ಚೂರಾಗುತ್ತಿದ್ದವು. ಮರಳಿನ ಮೇಲೆ ಹಾಸಿ, ಸಂದಿಗೆ ಮರಳು ತುಂಬು ಎಂದೆ. ನೀರು ಹರಿದುಹೋಗಲು ಗಿಡದ ಕಡೆಗೆ ಒಂದಿಂಚು ಇಳಿಜಾರು ಬಿಟ್ಟೆವು.

ಕಲ್ಲು ಬಾದಾಮಿಯ ಕಡೆಯ ಮರಳುಗಲ್ಲು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆಯಲ್ಲ, ಆ ಗುಹೆ ಕೊರೆದದ್ದೂ ಮರಳುಗಲ್ಲಿನಲ್ಲೇ. ಪದರ ಪದರವಾಗಿ ಬೆಳೆದ ಕಲ್ಲು ಇದು. ಬೆಟ್ಟದಲ್ಲಿ ಹೇಗೆ ಮಲಗಿತ್ತೋ ಹಾಗೇ ಮಲಗಿಸಿದರೆ ಬಾಳುತ್ತದೆ, ನಿಲ್ಲಿಸಿದರೆ ಚಕ್ಕೆ ಏಳುತ್ತದೆ. ಹಲಗೆಯ ಆಸೆ ಬಿಡದ ಮೊಮ್ಮಗಳಿಗೆ ಹುನಗುಂದ ಸೀಮೆಯ ಐಹೊಳೆಯ ಲಾಡಖಾನ್ ಗುಡಿಯ ಮಾತು ಹೇಳಿದೆ. ಅಲ್ಲಿ ಚಾವಣಿಯ ಹಾಸುಗಲ್ಲುಗಳ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳಿವೆ, ಮರದ ಕೆಲಸದ ಹಾಗೆಯೇ. ಮುಂದಿನ ಮಂಟಪದಲ್ಲಿ ಒರಗಿ ಕೂರಲು ಕಲ್ಲಿನ ಆಸನವೂ ಇದೆ. “ಹಂಗಾದ್ರ ಅವರೂ ಕಲ್ಲಿನ ಡೆಕ್ ಮಾಡ್ಯಾರ!” ಎಂದಳು. ಇರಲಿ, ಅವಳ ಮಾತಿಗೂ ಒಂದು ನ್ಯಾಯವಿದೆ.

ಒಂದೊಂದು ಕಲ್ಲಿನ ತೂಕ ನೂರು ಕಿಲೋದ ಹತ್ತಿರ. ಎರಡು ಹಲಗೆಯ ಇಳಿಜಾರು ಮಾಡಿ, ಕೆಳಗೆ ಕಬ್ಬಿಣದ ಪೈಪು ಇಟ್ಟು ಉರುಳಿಸಿ ಏರಿಸಿದೆವು. ಮಕ್ಕಳನ್ನು ದೂರ ನಿಲ್ಲಿಸಿದ್ದೆ. ಬೆರಳು ಸಿಕ್ಕರೆ ಹಬ್ಬ ಆಸ್ಪತ್ರೆಯಲ್ಲೇ.

ಐದನೆಯ ಕಲ್ಲು ಮೇಲೇರುವಾಗ ಒಳಗಿನಿಂದ ಮನೆಯಾಕೆ ಬಂದಳು. “ತಡೀರಿ, ಅದನ್ನ ಬೋರಲ ಹಾಕಬ್ಯಾಡ್ರಿ” ಎಂದಳು. ಸೆರಗಿನಿಂದ ಧೂಳು ಒರೆಸಿದಳು. ಸವೆದ ಗೆರೆಗಳು ಕಂಡವು. ಉದ್ದಕ್ಕೆ ಐದು, ಅಡ್ಡಕ್ಕೆ ಐದು ಮನೆ: ಚೌಕಾಬಾರಾ. ಯಾರು ಕೆತ್ತಿದ್ದೋ, ನಾನು ಹುಟ್ಟುವ ಮೊದಲೇ ಇತ್ತು. “ಇದು ನಡುವ ಇರಲಿ. ನಾಕೂ ಕಡೆ ಕುಂಡ್ರಾಕ ಬರಬೇಕಲ್ಲ” ಎಂದು ಗೌಂಡಿಗೆ ತಾನೇ ಜಾಗ ತೋರಿಸಿದಳು. ಕುಂಡ್ರುವವರು ಯಾರು ಎಂದು ನಾನು ಕೇಳಲಿಲ್ಲ.

ಪಾಡ್ಯದ ದಿನ ನನ್ನ ತಂಗಿ ಬಂದಳು. ಅವಳ ಊರು ನದಿಯ ದಂಡೆಗೆ. ಆಲಮಟ್ಟಿಯ ನೀರು ಈಗ ನಿಲ್ಲುವುದು 519.6 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿಸಿದರೆ ಅವಳ ಮನೆಯೂ ಹೋಗುತ್ತದೆ. ಆ ನೀರಿನಿಂದ ಎಷ್ಟೋ ಹೊಲ ಹಸಿರಾಗುತ್ತವೆ, ಅದೂ ನಿಜ. ಕಟ್ಟೆಯ ಮೇಲೆ ಕೂತು ಕೈಯಿಂದ ಸಂದಿಯ ಮರಳು ಕೆದಕುತ್ತಾ, “ಅಣ್ಣಾ, ನಮ್ಮ ಕಟ್ಟಿ ಸಿಮೆಂಟಿಂದು. ಅದನ್ನ ಹೆಂಗ ತರೂದು?” ಎಂದಳು.

“ಎಷ್ಟು ಬರ್ತಾವೋ ಅಷ್ಟು ತರೂಣು. ಗೌಂಡಿನ್ನ ಕರಕೊಂಡು ನಾನ ಬರ್ತೀನಿ” ಎಂದೆ.

ಅಷ್ಟರಲ್ಲಿ ಹುಣಸೆಬೀಜ ತಿಕ್ಕಿ ಬಿಳಿ ಮಾಡಿ ತಂದಿದ್ದಳು ಮನೆಯಾಕೆ. ಪಕ್ಕದ ಮನೆಯ ಹುಡುಗರಿಬ್ಬರು ಗೋಡೆಯ ಮೇಲಿಂದ ಇಣುಕುತ್ತಿದ್ದರು. ಅವರನ್ನೂ ಅವರ ಅಜ್ಜಿಯನ್ನೂ ಕರೆದಳು. ಗೆರೆ ಎಳೆದು ಗುರುತು ಮಾಡಿದ ಮನೆಗೂ ಈ ಆಟದಲ್ಲಿ ಕಟ್ಟೆ ಎಂದೇ ಹೆಸರು. ಅಲ್ಲಿ ಕೂತ ಕಾಯಿಯನ್ನು ಕಡಿಯುವ ಹಾಗಿಲ್ಲ. ನನ್ನ ಕಾಯಿ ಕಟ್ಟೆಗೆ ಇನ್ನೊಂದೇ ಮನೆ ದೂರವಿತ್ತು. ತಂಗಿಗೆ ಬಾರಾ ಬಿತ್ತು, ಎಂಟು ಮನೆ ಎಣಿಸಿ ಬಂದು ಕಡಿದೇಬಿಟ್ಟಳು.