ಕೆರೆಯ ಏರಿಯ ಮೇಲೆ

ಮಾರ್ಗಶಿರದ ಚಳಿ ಬಲಿಯತೊಡಗಿತೆಂದರೆ ನಾನೂ ನನ್ನ ನಾಯಿ ಕರಿಯನೂ ನಸುಕಿನಲ್ಲಿಯೇ ಮನೆ ಬಿಡುತ್ತೇವೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಏರಿಯೇ ನಮ್ಮ ದಾರಿ. ನಿವೃತ್ತನಾದ ಮೇಲೆ ಇದೇ ನನ್ನ ಬೆಳಗಿನ ತರಗತಿ. ಇಲ್ಲಿ ಹಾಜರಿ ಕೂಗುವವನು ನಾನಲ್ಲ, ಟಿಟ್ಟಿಭ. ನೀರಿನಂಚಿನಲ್ಲಿ ಬಾಲ ಕುಣಿಸುತ್ತ ಓಡುವ ಸಿಪಿಲೆ, ಒಣಕೊಂಬೆಯ ಮೇಲೆ ಧ್ಯಾನಕ್ಕೆ ಕುಳಿತಂತಿರುವ ಮಿಂಚುಳ್ಳಿ. ಕೆರೆಯ ನಡುವೆ ಪಟ್ಟೆತಲೆಯ ಹೆಬ್ಬಾತುಗಳ ಹಿಂಡು. ಬೂದು ಮೈ, ಬಿಳಿಯ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆಗಳು.

ನಾಯಿಯನ್ನು ಕರೆದುಕೊಂಡು ಹಕ್ಕಿ ನೋಡಲು ಹೋಗುವುದುಂಟೆ ಎಂದು ಕೆಲವರು ನಗುತ್ತಾರೆ. ನನ್ನ ಅನುಭವ ಬೇರೆ. ಕರಿಯ ಹೆಜ್ಜೆಗೊಮ್ಮೆ ನಿಂತು ಮೂಸುತ್ತಾನೆ, ನಾನೂ ನಿಲ್ಲಲೇಬೇಕಾಗುತ್ತದೆ. ಅವನು ಕಿವಿ ನಿಮಿರಿಸಿದ ಕಡೆಗೆ ದಿಟ್ಟಿಸಿ, ಜೊಂಡಿನೊಳಗೆ ಅಡಗಿದ ಹುಂಡುಕೋಳಿಯನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅವನ ಕೊರಳ ಹಗ್ಗ ನನ್ನ ಕೈಯಲ್ಲಿರಬೇಕು. ಇದನ್ನು ನಾನು ತಪ್ಪು ಮಾಡಿ ಕಲಿತೆ.

ಒಂದು ಬೆಳಗ್ಗೆ, ಪಾಪ, ಓಡಲಿ ಎಂದು ಹಗ್ಗ ಬಿಚ್ಚಿದೆ. ಅವನು ಬೊಗಳುತ್ತ ನೀರಿಗೆ ನುಗ್ಗಿದ. ನೂರಾರು ಹೆಬ್ಬಾತುಗಳು ಒಮ್ಮೆಗೇ ಮೇಲೆದ್ದು, ಕೂಗುತ್ತ ಆಕಾಶದಲ್ಲಿ ಸುತ್ತತೊಡಗಿದವು. ಬಹಳ ಹೊತ್ತು ಇಳಿಯಲೇ ಇಲ್ಲ. ಅಲ್ಲಿದ್ದ ಕುರಿಗಾಹಿಯೊಬ್ಬ, “ರಾತ್ರಿಯೆಲ್ಲ ಹೊಲಗದ್ದೆಯಲ್ಲಿ ಮೇದು ಈಗ ತಾನೇ ಬಂದು ಕೂತಿದ್ದವು, ಸ್ವಾಮಿ” ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನಾಚಿಸಿತು.

ರೆಕ್ಕೆಯುಳ್ಳ ಪ್ರಾಣಿ, ಎದ್ದರೆ ಮತ್ತೆ ಕೂರುತ್ತದೆ, ಇದರಲ್ಲಿ ನಷ್ಟವೇನು ಎಂದು ನೀವು ಕೇಳಬಹುದು. ಈ ಹಕ್ಕಿಗಳು ಎಲ್ಲಿಂದ ಬಂದವೆಂಬುದನ್ನು ಯೋಚಿಸಿ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಿಂದಿರುಗುವಾಗ ಅವು ಹಿಮಾಲಯವನ್ನು ದಾಟಬೇಕು; 7,000 ಮೀಟರಿಗೂ ಎತ್ತರದಲ್ಲಿ ಇವು ಹಾರಿದುದು ದಾಖಲಾಗಿದೆ. ಹದ್ದಿನಂತೆ ಗಾಳಿಯಲ್ಲಿ ತೇಲುವ ಸುಖ ಇವಕ್ಕಿಲ್ಲ, ದಾರಿಯುದ್ದಕ್ಕೂ ರೆಕ್ಕೆ ಬಡಿಯುತ್ತಲೇ ಸಾಗಬೇಕು. ಇಲ್ಲಿ ಮೇದ ಹುಲ್ಲು, ಕಾಳುಗಳು ಮೈಯಲ್ಲಿ ಕೊಬ್ಬಾಗಿ ಕೂಡಿದರೆ ಅದೇ ಆ ಪಯಣದ ಬುತ್ತಿ. ಒಂದು ನಾಯಿಯ ಆಟಕ್ಕಾಗಿ ದಿನದಿನವೂ ಆ ಬುತ್ತಿಯನ್ನು ಕಸಿಯುವುದು ನ್ಯಾಯವೆಂದು ನನಗೆ ತೋರದು.

ಫಾಲ್ಗುಣದ ಹೊತ್ತಿಗೆ ಹೆಬ್ಬಾತುಗಳು ಹೊರಟುಹೋಗುತ್ತವೆ. ಆಗಲಾದರೂ ಹಗ್ಗ ಬಿಚ್ಚೋಣವೆಂದರೆ, ಅದು ಟಿಟ್ಟಿಭ ಬರಿನೆಲದ ಮೇಲೆ ಮೊಟ್ಟೆಯಿಡತೊಡಗುವ ಕಾಲ. ಕರಿಯನಿಗೆ ಓಡಲು ನಮ್ಮ ಮನೆಯ ಹಿತ್ತಿಲೇ ಗತಿ.