ಬೋರಿನ ಪೈಪಿಗೆ ಕಿವಿ ಕೊಡಿ

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನವರಿಗೆ ನೀರಿನ ಸದ್ದು ಹೊಸದಲ್ಲ. ಕಟ್ಟೆ ಮೇಲಿಂದ ಬಿದ್ದರೆ ಭೋರ್ ಅನ್ನುತ್ತೆ, ತೂಬಿನಲ್ಲಿ ಗುಳುಗುಳು ಅನ್ನುತ್ತೆ. ಆ ಸದ್ದಿನ ಬಹುಪಾಲು ನೀರಿನದಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಯದು. 1933ರಲ್ಲಿ ಮಿನ್ನಾರ್ಟ್ ಎಂಬ ವಿಜ್ಞಾನಿ ಇದರ ಲೆಕ್ಕ ಕೊಟ್ಟರು. ರಾಗಿಕಾಳಿಗಿಂತ ತುಸು ದಪ್ಪ, 2 ಮಿಲಿಮೀಟರ್ ಅಡ್ಡಳತೆಯ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಸಲ ಅದುರುತ್ತೆ. ಅದು ಕೀರಲು ದನಿ. ಅದರ ಹತ್ತರಷ್ಟು ಅಗಲದ್ದು 326 ಸಲ. ಅದು ದಪ್ಪ ದನಿ. ದನಿ ಅಳೆದರೆ ಗುಳ್ಳೆ ಗಾತ್ರ ಸಿಕ್ಕಿತು. ಸಮುದ್ರದ ತಳದಿಂದ ಏಳುವ ಅನಿಲವನ್ನೂ ನೀರೊಳಗೆ ಮೈಕು ಇಳಿಸಿ ಹೀಗೇ ಅಳೆಯುತ್ತಾರೆ.

ನಾಗಮಂಗಲ, ಕೆ.ಆರ್. ಪೇಟೆಯ ಖುಷ್ಕಿ ಕಡೆಯ ನಮಗೆ ಇದರಿಂದೇನು ಅಂತೀರಾ? ನಮಗೇ ಇದು ಜಾಸ್ತಿ ಬೇಕು. ಬೋರಿನಲ್ಲಿ ನೀರು ಇಳಿದು ಪಂಪಿನ ಬಾಯಿಗೆ ಬಂದಾಗ ಗಾಳಿಯೂ ಒಳಗೆ ಹೋಗುತ್ತೆ. ಪೈಪಿನಲ್ಲಿ ಒಂದೇ ಸಮ ಬರುತ್ತಿದ್ದ ಸದ್ದು ಒಡೆಯುತ್ತೆ. ಮೊದಲು ಸುಯ್ ಅಂತ ಸಣ್ಣ ಗುಳ್ಳೆ, ಆಮೇಲೆ ಗೊಳಕ್ ಗೊಳಕ್ ಅಂತ ದೊಡ್ಡವು. ಸ್ಟಾರ್ಟರಿನ ಆಂಪಿಯರ್ ಮುಳ್ಳೂ ಇಳಿದು ಓಲಾಡುತ್ತೆ. ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರೋದು ಸುತ್ತ ಹರಿಯೋ ನೀರಿನಿಂದ. ಅದು ನಿಂತರೆ ಕಾಯಿಲ್ ಸುಡದೆ ಇನ್ನೇನು?

ಈ ಸದ್ದು ಕೇಳೋಕೆ ಹತ್ತಿರ ಯಾರಾದರೂ ಇರಬೇಕಲ್ಲ! ತ್ರೀಫೇಸ್ ರಾತ್ರಿ ಕೊಡ್ತಾರೆ, ನಾವು ಆಟೋ ಹಾಕಿ ಮಲಗ್ತೀವಿ. ಆಟೋಗೆ ಕರೆಂಟು ಬಂದದ್ದು ಗೊತ್ತು, ನೀರು ಹೋದದ್ದು ಗೊತ್ತಿಲ್ಲ. ಕರೆಂಟು ಹಗಲು ಕೊಡಿ ಅಂತ ನಾವು ಕೇಳೋದು ಹಾವು ಚೇಳಿನ ಭಯಕ್ಕೆ ಮಾತ್ರ ಅಲ್ಲ, ಇದಕ್ಕೂ ಹೌದು.

ಬೇಸಿಗೆಯಲ್ಲಿ ಒಂದು ಹಗಲು ಪೈಪಿನ ಹತ್ತಿರ ಕೂತು, ಮೋಟಾರು ಹಾಕಿದ ಎಷ್ಟು ಹೊತ್ತಿಗೆ ಸದ್ದು ಒಡೆಯುತ್ತೆ ಅಂತ ಗಡಿಯಾರ ನೋಡಿ ಬರೆದಿಡಿ. ಅದೇ ನಿಮ್ಮ ಬೋರಿನ ತಾಕತ್ತು. ಅಷ್ಟರೊಳಗೆ ನಿಲ್ಲಿಸಿ, ಬೋರಿಗೆ ನೀರು ಊರೋಕೆ ಬಿಡಿ. ಇಲ್ಲವೇ ವಾಲ್ವ್ ಸ್ವಲ್ಪ ತಿರುಗಿಸಿ, ಬೋರು ಕೊಡುವಷ್ಟನ್ನೇ ಎಳೆಯಿರಿ, ಪೂರ್ತಿ ಮುಚ್ಚಬೇಡಿ. ನೀರು ಹಾಲಿನಂತೆ ಬೆಳ್ಳಗೆ ಬಂದ ಮಾತ್ರಕ್ಕೆ ಗಾಬರಿ ಬೇಡ. ಕೆಲವು ಬೋರಿನ ನೀರಿನಲ್ಲೇ ಅನಿಲ ಕರಗಿರುತ್ತೆ, ಸದ್ದು ಒಂದೇ ಸಮ ಇದ್ದರೆ ಪಂಪಿಗೆ ತೊಂದರೆಯಿಲ್ಲ.

ರಾತ್ರಿ ಆಟೋ ಹಾಕಲೇಬೇಕು ಅನ್ನೋರು ಜೊತೆಗೆ ಡ್ರೈ ರನ್ ರಿಲೇ ಕೂರಿಸಿಕೊಳ್ಳಿ. ಲೋಡು ಇಳಿದ ಕೂಡಲೇ ಅದು ಮೋಟಾರು ನಿಲ್ಲಿಸುತ್ತೆ. ಮೋಟಾರು ಮೇಲೆತ್ತಿ, ಸುತ್ತಿಸಿ, ಮತ್ತೆ ಇಳಿಸೋ ಖರ್ಚಿನ ಮುಂದೆ ಅದರ ಬೆಲೆ ದೊಡ್ಡದಲ್ಲ.